ನನ್ನ ಹೆಸರಿನ ಒಡಪು

ಕೂಕಟ್‌ಪಲ್ಲಿ, ಹೈದರಾಬಾದ್
೯ ಫೆಬ್ರುವರಿ ೨೦೨೫

ಪ್ರೀತಿಯ ಅವ್ವನಿಗೆ, ನಿನ್ನ ಸುಮತಿ ಕೈಮುಗಿದು ಬರೆಯುವುದು.

ಫೋನ್ ಮಾಡಿದರೆ ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ. ಸಿಟ್ಟು ಬಂದರೂ ಪೂರ್ತಿ ಓದು.

ನಾನು ಮಾಡಿದ್ದೇನು ಎಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಮೊಬೈಲಿನಲ್ಲಿ ಮೈಕ್ರೋಬ್ಲಾಗ್ ಅಂತ ಒಂದು ಜಾಗವಿದೆ. ಅಲ್ಲಿ ಏನಿದ್ದರೂ ಎರಡು ಮೂರು ಸಾಲಿನಲ್ಲಿ ಹೇಳಿ ಮುಗಿಸಬೇಕು. ಒಬ್ಬರು ನಲ್ಲಿಯಲ್ಲಿ ನೀರು ಬಂದಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಸರ್ಕಾರದ ಮೇಲೆ ಹರಿಹಾಯುತ್ತಾರೆ, ಮತ್ತೊಬ್ಬರು ತಾವು ತಿಂದ ದೋಸೆಯ ಫೋಟೊ ಹಾಕುತ್ತಾರೆ. ಗುರುತಿಲ್ಲದವರೂ ಓದುತ್ತಾರೆ, ಮೆಚ್ಚಿದರೆ ತಮ್ಮವರಿಗೆ ಹಂಚುತ್ತಾರೆ. ಎರಡು ಸಾಲಿನ ಮಾತು ನನಗೇನು ಹೊಸದೇ? ಮದುವೆಯಲ್ಲಿ ಹೊಸಿಲ ಮುಂದೆ ನಿಂತು, ಗಂಡನ ಹೆಸರಿಟ್ಟು ಒಡಪು ಹೇಳಲು ಕಲಿಸಿದವಳು ನೀನೇ.

ನಾನೂ ಒಡಪೇ ಹಾಕಿದೆ. ಗಂಡನ ಹೆಸರು ಬರುವ ಕಡೆ ನನ್ನ ಹೆಸರಿಟ್ಟೆ, ಅಷ್ಟೇ:

ಕೂಕಟ್‌ಪಲ್ಲಿ ಮೆಟ್ರೊದಾಗ ಕಾಲಿಡಾಕ ಜಾಗಿಲ್ಲ,
ಮೂರು ಡಬ್ಬಿ ಕಟ್ಟಿದಾಕಿ ಸುಮತಿ, ಆಕಿ ಹೆಸರು ಯಾರೂ ಕೇಳಿಲ್ಲ.

ಕಲಬುರಗಿಯಿಂದ, ಸೋಲಾಪುರದಿಂದ ಹೆಂಗಸರು ತಂತಮ್ಮ ಹೆಸರಿಟ್ಟು ಒಡಪು ಹಾಕತೊಡಗಿದರು. ಮಾವನವರ ಬಟ್ಟೆ ಅಂಗಡಿಗೆ ಬಂದ ಬೀಗರೊಬ್ಬರು ನನ್ನದನ್ನು ತೋರಿಸಿ ನಕ್ಕರಂತೆ. ಮಾವ ಮನೆಗೆ ಬಂದವರೇ, ‘ಸೊಸಿ ಹೆಸರು ಬಜಾರಿಗೆ ಬಂತು. ಕಾವ್ಯಾನ ಲಗ್ನಕ್ಕಿಂತ ಮೊದಲ ಎಲ್ಲಾ ಅಳಿಸು, ಇಲ್ಲಾಂದ್ರ ತವರಿಗೆ ನಡಿ’ ಎಂದರು. ಕಾವ್ಯಾ ನನ್ನ ನಾದಿನಿ. ಶಾಲೆಗೆ ಹೋಗುವಾಗ ದಿನಾ ಅವಳ ಜಡೆ ಹೆಣೆದವಳು ನಾನು. ನಿನ್ನ ಅಳಿಯ ಸತೀಶ ತಲೆ ತಗ್ಗಿಸಿ ಕೂತಿದ್ದರು. ನೋಡು, ಅವರ ಹೆಸರನ್ನೂ ಒಡಪಿಲ್ಲದೆ ಬರೆದೆ.

ಮೊದಲ ಸಲ ಫೋನ್ ಎತ್ತಿದಾಗ ನೀನೂ ‘ಅಳಿಸಿ ಅವರ ಕಾಲಿಗೆ ಬೀಳವ್ವಾ’ ಎಂದೆ. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು. ಬೀಳುವುದಿಲ್ಲ, ಅವ್ವ. ಒಂದಕ್ಷರವನ್ನೂ ಅಳಿಸುವುದಿಲ್ಲ, ತವರಿಗೂ ಬರುವುದಿಲ್ಲ. ಲಗ್ನದ ದಿನ ಕಾವ್ಯಾಳ ಪಕ್ಕದಲ್ಲೇ ನಿಲ್ಲುತ್ತೇನೆ. ಕಳಿಸುವವರು ಬೀಗರೆಲ್ಲರ ಎದುರಿಗೇ ನನ್ನನ್ನು ಹೊರಗೆ ಕಳಿಸಲಿ.

ನಿನ್ನ ಮಾತು ಕೇಳದ, ನಿನ್ನದೇ ಮಗಳು,
ಸುಮತಿ

ತಾ.ಕ.: ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದರು. ಈ ಕಾಗದ ಮಡಿಸುವಾಗ ಬಂದು ಪಕ್ಕದಲ್ಲಿ ಕೂತು, ‘ನಂದೂ ಒಂದು ಹಾಕು. ನಿಮ್ಮ ಮಾವಗ ಗೊತ್ತಾದ್ರ ಆಗಲಿ’ ಎಂದರು. ಟೈಪ್ ಮಾಡಿದ್ದು ನಾನು, ಗುಂಡಿ ಒತ್ತಿದ್ದು ಅವರು:

ಜ್ವಾಳದ ರೊಟ್ಟಿ ಬಡದೆ, ಹಬ್ಬದ ಹೋಳಿಗಿ ಮಾಡಿದೆ,
ಪಾರ್ವತಿಬಾಯಿ ಅಂತ ನನ್ನ ಹೆಸರ, ಇವತ್ತ ನಾನ ಹೇಳಿದೆ.