ಹೆಸರು ಹಾಕಿಸಿದ ತಪ್ಪಲೆ

ಶಾಲೆಯ ಅಡುಗೆ ಕೋಣೆ,
ಹೊಸನಗರ ತಾಲ್ಲೂಕು
ನವೆಂಬರ್ 21, ಶುಕ್ರವಾರ ಮಧ್ಯಾಹ್ನ

ನನ್ನ ಬಿಂದುವಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಮಾತಾಡುವ ಅಮ್ಮ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳೆ ಅಂತ ಗಾಬರಿಯಾಗಬೇಡ. ಬೇಡ ಅಂದರೂ ಆಗುತ್ತೀಯ, ಸೊಳ್ಳೆ ಕಚ್ಚಿದರೂ ಆಸ್ಪತ್ರೆಗೆ ಹೊರಡುವವಳು ನೀನು. ನನ್ನ ಮೊಬೈಲ್ ಹನ್ನೆರಡು ದಿನದಿಂದ ನಿಮ್ಮಪ್ಪನ ಜೇಬಿನಲ್ಲಿದೆ. ಊರು ಸರಿಯಿಲ್ಲ, ಯಾರ್ಯಾರೋ ಏನೇನೋ ಕಳಿಸುತ್ತಾರೆ ಅಂತ ಇಸಕೊಂಡರು. ನೀನು ಫೋನ್ ಮಾಡಿದಾಗೆಲ್ಲ ನಾನು ಅವರ ಎದುರಿಗೇ ನಿಂತು ಚೆನ್ನಾಗಿದ್ದೇನೆ ಅಂದಿದ್ದು. ಈ ಕಾಗದವನ್ನು ನಾಳೆ ಬೆಳಿಗ್ಗೆ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಹರಿಪ್ರಸಾದ್ ಕೈಲಿ ಕೊಡುತ್ತೇನೆ. ಕವರಿನಲ್ಲಿ ಬ್ಲೌಸ್ ಪೀಸ್ ಇದೆ ಅಂತ ಹೇಳಿದ್ದೇನೆ, ನಿನ್ನ ಅತ್ತೆ ಕೇಳಿದರೆ ನೀನೂ ಹಾಗೇ ಹೇಳು.

ಮೆರವಣಿಗೆ ಗಲಾಟೆ ನಿನಗೆ ಗೊತ್ತೇ ಇದೆ. ಮಸೀದಿ ಮುಂದೆ ಕಲ್ಲು ಬಿತ್ತು ಅಂತ ನಮ್ಮವರು, ಮೊದಲು ಬೈದವರು ನೀವು ಅಂತ ಅವರು. ನಮ್ಮ ಕಡೆಯ ಇಬ್ಬರಿಗೆ ತಲೆ ಒಡೆಯಿತು. ಕತ್ತಲಾಗುವುದರೊಳಗೆ ಕೆಳಪೇಟೆಯಲ್ಲಿ ಸಾಬರ ಇಪ್ಪತ್ತೆರಡು ಮನೆ ಸುಟ್ಟೋ ಮುರಿದೋ ಹೋದವು. ಮಾರನೇ ದಿನ ಅಷ್ಟೂ ಜನರನ್ನು ತಂದು ನಮ್ಮ ಶಾಲೆಯಲ್ಲಿಟ್ಟರು. ಹದಿನಾರು ವರ್ಷದಿಂದ ಇಲ್ಲಿ ಬಿಸಿಯೂಟ ಬೇಯಿಸುವವಳು ನಾನೇ ಅಲ್ಲವಾ, ಶಿಬಿರದ ಅಡುಗೆಯೂ ನನ್ನ ತಲೆಗೇ ಬಂತು. ನೂರ ಹದಿನಾಲ್ಕು ಜನ. ಕೂಸುಗಳಿಗೆ ಗಂಜಿ ಬೇರೆ, ಸಕ್ಕರೆ ಕಾಯಿಲೆಯವರಿಗೆ ರೊಟ್ಟಿ ಬೇರೆ.

ನಿಮ್ಮಪ್ಪ ಪಿಕಪ್ಪಿಗೆ 'ಪರಿಹಾರ ಸಾಮಗ್ರಿ' ಅಂತ ಬ್ಯಾನರ್ ಕಟ್ಟಿಕೊಂಡು ಸಾಗರದಿಂದ ಅಕ್ಕಿ, ಬೇಳೆ, ಹೊದಿಕೆ ತಂದು ಸುರಿದರು. ಬಾಡಿಗೆ ಬೇಡ ಅಂದರಂತೆ. ಶಾಂತಿ ಸಮಿತಿಗೆ ಮೊದಲು ಬಂದ ಹೆಸರು ನಿಮ್ಮಪ್ಪನದ್ದೇ. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಆ ದಿನ ಅವರಿಗೆ ಇಷ್ಟ ಅಂತ ಒಲೆ ಮುಂದೆ ಕೂತು ಕಡುಬು ಮಾಡಿದೆ.

ಅಕ್ಕಿ ಬಂತು, ಬೇಯಿಸಲು ಪಾತ್ರೆ ಇಲ್ಲ. ಶಾಲೆಯದ್ದು ಅರವತ್ತು ಮಕ್ಕಳ ಅಳತೆ. ಎರಡನೇ ದಿನ ಮನೆಗೆ ಹೋಗಿ ಬಚ್ಚಲುಮನೆಯ ಅಟ್ಟ ಹತ್ತಿದೆ. ಅಲ್ಲಿ ಗೋಣಿಚೀಲ ಸುತ್ತಿದ ಒಂದು ತಾಮ್ರದ ತಪ್ಪಲೆ ಇತ್ತು. ಹತ್ತು ಸೇರು ಅಕ್ಕಿ ಬೇಯುವಂಥದ್ದು, ಒಳಗೆ ಕಲಾಯಿ ಇನ್ನೂ ಹೊಸದು. ನಿಮ್ಮಪ್ಪ ಎಲ್ಲೋ ಹಳೆಯದು ಕೊಂಡಿರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡೆ ಅಂತ ಬರೆಯುತ್ತಿದ್ದೇನೆ, ಆದರೆ ಆ ಅಟ್ಟಕ್ಕೆ ನಮ್ಮನೆಯಲ್ಲಿ ಗೋಣಿ ಸುತ್ತಿ ಏನನ್ನೂ ಯಾರೂ ಇಟ್ಟಿದ್ದಿಲ್ಲ. ಸೌದೆ ಒಲೆಗೆ ಇಡುವ ಮೊದಲು ಮಸಿ ಹಿಡಿಯದಿರಲಿ ಅಂತ ಹೊರಗೆಲ್ಲ ಬೂದಿ ಕಲಸಿ ಬಳಿಯುತ್ತೇವಲ್ಲ, ಹಾಗೆ ಬಳಿದು ಅನ್ನಕ್ಕಿಟ್ಟೆ. ಸಂಜೆ ತೊಳೆಯುವಾಗ ಬೂದಿ ಬಿಟ್ಟಿತು. ಬೆಳಿಗ್ಗೆ ಅವಸರದಲ್ಲಿ ಕಂಡಿರಲಿಲ್ಲ, ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ದರು. ಖೈರುನ್ನೀಸಾ. ಅದರ ಕೆಳಗೆ ಮದುವೆಯ ತಾರೀಕು.

ಖೈರುನ್ನೀಸಾ ಅಂದರೆ ಕೆಳಪೇಟೆಯ ಮೊದಲ ಮನೆಯವಳು. ಗಂಡ ತೀರಿಕೊಂಡಿದ್ದಾನೆ, ಇಬ್ಬರು ಹೆಣ್ಣುಮಕ್ಕಳು. ನಾಲ್ಕನೇ ಕೋಣೆಯಲ್ಲಿ, ಬೋರ್ಡಿನ ಕೆಳಗೆ ಚಾಪೆ ಹಾಸಿಕೊಂಡಿದ್ದಾಳೆ. ಎರಡು ಹೊತ್ತೂ ಅವಳ ತಟ್ಟೆಗೆ ಅನ್ನ ಹಾಕುವವಳು ನಾನೇ.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಮಾರನೇ ದಿನ ಆ ತಪ್ಪಲೆಯನ್ನು ವಾಪಸ್ ಒಯ್ಯಲಿಲ್ಲ, ಅವಳಿಗೂ ಕೊಡಲಿಲ್ಲ. ಬೂದಿಯನ್ನು ಕಂಠದವರೆಗೂ ದಪ್ಪಗೆ ಮೆತ್ತಿದೆ. ಒಂದು ವಾರ ದಿನಾ ಮೆತ್ತಿ, ಅವಳ ಪಾತ್ರೆಯಲ್ಲೇ ಬೇಯಿಸಿ, ಅವಳಿಗೇ ಬಡಿಸಿದೆ. ತೊಳೆಯಲು ಯಾರನ್ನೂ ಬಿಡಲಿಲ್ಲ. ಕುಮುದಕ್ಕನಿಗೆ ಎಷ್ಟು ಮಡಿ ಅಂತ ಹೆಂಗಸರು ನಕ್ಕರು, ನಾನೂ ನಕ್ಕೆ. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮಂಗಳವಾರ ನಾನು ಸಾಂಬಾರಿಗೆ ರುಬ್ಬುತ್ತಿದ್ದೆ. ಕೂತು ತಿನ್ನುವುದಕ್ಕೆ ನಾಚಿಕೆ ಅಂತ ಅವಳೇ ಪಾತ್ರೆಗಳನ್ನು ನಲ್ಲಿಗೆ ಎಳೆದುಕೊಂಡಿದ್ದಾಳೆ. ನಾನು ಓಡಿಹೋಗುವಷ್ಟರಲ್ಲಿ ತಪ್ಪಲೆ ಅವಳ ಮಡಿಲಲ್ಲಿ ಪಳಪಳ ಹೊಳೆಯುತ್ತಿತ್ತು. ಅವಳು ಕೂಗಲಿಲ್ಲ, ಬೈಯಲಿಲ್ಲ. ಸುತ್ತ ಯಾರಾದರೂ ಇದ್ದಾರಾ ಅಂತ ಒಮ್ಮೆ ನೋಡಿ ಕೇಳಿದಳು.

"ಅಕ್ಕಾ, ಇದರ ಮುಚ್ಚಳನೂ ನಿಮ್ಮನೇಲೇ ಇದ್ಯಾ?"

ಅವಳು ಅದನ್ನು ಕವುಚಿಟ್ಟು ಒಳಗೆ ಹೋದಳು. ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ಅವರೆಲ್ಲ ಊಟ ಬಿಡುತ್ತಾರೆ ಅಂತ ಅವಳಿಗೆ ಗೊತ್ತು. ಅವಳ ಆ ಮೌನ ಕಂಡರೆ ನನಗೆ ಪೊಲೀಸರಿಗಿಂತ ಹೆದರಿಕೆ.

ಅವತ್ತು ಮನೆಗೆ ಹೋಗಿ ನಿಮ್ಮಪ್ಪನನ್ನು ಕೇಳಿದೆ. ಬಿದ್ದಿತ್ತು, ಎತ್ತಿಕೊಂಡು ಬಂದೆ ಅಂದರು. ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಅವರು ಕೆಟ್ಟವರಲ್ಲ ಅಂತ ನಿನಗೆ ಬರೆಯಲು ಹೊರಟು ಎರಡು ಸಲ ಹೊಡೆದು ಹಾಕಿದ್ದೇನೆ ನೋಡು.

ತಪ್ಪಲೆಯ ವಿಷಯ ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಸೋಮವಾರದಿಂದ ಶಾಲೆ ಶುರುವಾಗಬೇಕಂತೆ. ಅದಕ್ಕೆ ಭಾನುವಾರ ನಾಲ್ಕು ಗಂಟೆಗೆ ಎಲ್ಲರನ್ನೂ ಕೆಳಪೇಟೆಗೆ ವಾಪಸ್ ಕಳಿಸುತ್ತಾರೆ. ತಗಡಿನ ಶೀಟು, ಎರಡು ತಿಂಗಳ ರೇಷನ್, ಎಲ್ಲ ಅವರವರ ಮನೆ ಬಾಗಿಲಲ್ಲೇ ಕೊಡುವುದು, ಹೋಗದವರಿಗೆ ಇಲ್ಲ. ರಕ್ಷಣೆಗೆ ಶಾಂತಿ ಸಮಿತಿ ಜವಾಬ್ದಾರಿ. ಕರೆದುಕೊಂಡು ಹೋಗುವುದು ನಿಮ್ಮಪ್ಪನ ಪಿಕಪ್ಪು.

ಬುಧವಾರ ಬೆಳಿಗ್ಗೆ ಸಮಿತಿಯ ಹೂವಯ್ಯ, ಇನ್ನಿಬ್ಬರು ನಮ್ಮ ಜಗಲಿಯಲ್ಲಿ ಕೂತಿದ್ದರು. ಚಹಾ ತೆಗೆದುಕೊಂಡು ಹೋದವಳು ಬಾಗಿಲ ಹಿಂದೆಯೇ ನಿಂತೆ. ಭಾನುವಾರ ಸಂಜೆ ಏಳು ಗಂಟೆಗೆ ಕೆಳಪೇಟೆಯ ಕರೆಂಟು ಹೋಗುತ್ತದೆ, ಅದನ್ನು ಮಾತಾಡಿ ಆಗಿದೆ ಅಂತ ಹೂವಯ್ಯ ಹೇಳುತ್ತಿದ್ದ. ಆಮೇಲೆ ನಿಮ್ಮಪ್ಪನ ದನಿ ಕೇಳಿಸಿತು.

"ಒಂದ್ಸಲ ವಾಪಸ್ ಬರ್ಲಿ. ಬಂದವರು ಮತ್ತೆ ಓಡಿದ್ರೆ ಇನ್ಯಾವತ್ತೂ ಈ ಕಡೆ ತಲೆ ಹಾಕಲ್ಲ."

ಬಿಂದು, ನಿನಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತುತ್ತಿದ್ದರಲ್ಲ, ಆಗಿನದ್ದೇ ಮೆಲ್ಲಗಿನ ದನಿ ಅದು. ಚಹಾ ಕೊಟ್ಟು ಬಂದೆ. ಅವರು ಹೋದ ಮೇಲೆ ನಿಮ್ಮಪ್ಪ ನನಗೂ ಒಂದು ಮಾತು ಹೇಳಿದರು, ಭಾನುವಾರ ಸಂಜೆ ಕೆಳಪೇಟೆ ಕಡೆ ಹೋಗಬೇಡ ಅಂತ. ನಿನ್ನೆ ಪಿಕಪ್ಪಿನಿಂದ ಹೊದಿಕೆ ಇಳಿಸುವಾಗ ತಳದಲ್ಲಿ ನಾಲ್ಕು ಕ್ಯಾನು ಇದ್ದವು. ಮುಚ್ಚಳ ತೆಗೆದು ನೋಡಬೇಕಾಗಿರಲಿಲ್ಲ, ಪೆಟ್ರೋಲಿನ ವಾಸನೆಯೇ ಸಾಕಾಗಿತ್ತು.

ಶಿಬಿರ ನೋಡಿಕೊಳ್ಳುವ ಸಾಹೇಬರ ಹತ್ತಿರ ಹೋದೆ. ಜನ ಸರಿಯಿಲ್ಲ, ಇವರನ್ನು ಈಗಲೇ ಕಳಿಸಬೇಡಿ ಅಂದೆ. ಯಾರ ಮೇಲೆ ಅನುಮಾನ ಹೇಳಿ ಅಂದರು. ಗಂಡನ ಹೆಸರನ್ನು ಬಾಯಲ್ಲಿ ಆಡಿ ಅಭ್ಯಾಸವಿಲ್ಲದವಳು ನಾನು. ಆಗ ಆಡಬೇಕಿತ್ತು, ಆಡಲಿಲ್ಲ. ಸಾಹೇಬರು ನಕ್ಕು, ನಿಮ್ಮ ಯಜಮಾನರೇ ಜವಾಬ್ದಾರಿ ಹೊತ್ತಿದ್ದಾರೆ, ನಿಮಗ್ಯಾಕಮ್ಮ ಹೆದರಿಕೆ ಅಂದರು.

ಇವತ್ತು ಬೆಳಿಗ್ಗೆ ಖೈರುನ್ನೀಸಾಳನ್ನು ಉಗ್ರಾಣಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಗಾಡಿ ಹತ್ತಬೇಡ, ಎಲ್ಲಾದರೂ ಹೋಗು ಅಂದೆ. ಸಾಗರದಲ್ಲಿ ಅಣ್ಣನ ಮನೆ ಒಂದು ಕೋಣೆಯದ್ದು, ಏಳು ಜನ, ಮಕ್ಕಳನ್ನು ಮಾತ್ರ ಅಲ್ಲಿಗೆ ಕಳಿಸುತ್ತೇನೆ ಅಂದಳು. ಹೋಗಿ ಉಳಿದವರಿಗೂ ಹೇಳಿ ನೋಡಿ, ಮತ್ತೆ ನನ್ನ ಹತ್ತಿರ ಬಂದಳು. ಶೀಟು, ಅಕ್ಕಿ ಬಿಟ್ಟು ಯಾವ ಊರಿಗೆ ಹೋಗುವುದು ಅಂತ ಅವರ ಪ್ರಶ್ನೆ. ಅವಳು ಆಮೇಲೆ ಹೇಳಿದ್ದು ನನ್ನ ಕಿವಿಯಲ್ಲೇ ಕೂತಿದೆ.

"ನಮ್ಮನೆ ಮೊದಲ್ನೇದು ಅಕ್ಕಾ. ನಾನು ಹೋಗ್ದಿದ್ರೆ ಎರಡನೇ ಮನೆ ಮೊದಲ್ನೇದಾಗುತ್ತೆ, ಅಷ್ಟೇ."

ಈಗ ನಿನ್ನ ಕೆಲಸ ಕೇಳು. ಭಾನುವಾರ ಸಂಜೆ ಸರಿಯಾಗಿ ಆರೂವರೆಗೆ ನಿಮ್ಮಪ್ಪನಿಗೆ ಫೋನ್ ಮಾಡಬೇಕು. ಮೊದಲೇ ಮಾಡಿದರೆ ಕೆಲಸವನ್ನು ಇನ್ನೊಂದು ದಿನಕ್ಕೆ ತಳ್ಳುತ್ತಾರೆ, ಆ ದಿನ ಯಾವುದು ಅಂತ ನಮಗೆ ತಿಳಿಯುವುದಿಲ್ಲ. ತಡವಾದರೆ ಮಾಡಿಯೂ ಉಪಯೋಗವಿಲ್ಲ. ನಾನೇ ಹೇಳಿದರೆ ಹೆದರಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ನಿನ್ನ ಮಾತನ್ನು ಅವರು ಇಲ್ಲಿಯವರೆಗೆ ತೆಗೆದುಹಾಕಿದ್ದಿಲ್ಲ. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ, ಬಸ್ ಹತ್ತಿ ಇಲ್ಲಿಗೂ ಬರಬೇಡ. ಬಂದರೆ ನನ್ನ ಕೈಕಾಲು ಆಡುವುದಿಲ್ಲ.

ಊಟಕ್ಕೆ ಗಂಟೆ ಹೊಡೆದರು. ಬಡಿಸಬೇಕು. ಹೊಟ್ಟೆತುಂಬ ಉಣ್ಣು, ಗಂಡನ ಮೇಲೆ ರೇಗಬೇಡ, ಪಾಪದವನು ಅವನು.

ನಿನ್ನ ಅಮ್ಮ,
ಕುಮುದಾ

ತಾ.ಕ.: ಫೋನಿನಲ್ಲಿ ಹೇಳಬೇಕಾದದ್ದು ಇಷ್ಟೇ: "ಅಪ್ಪಾ, ಅಮ್ಮ ಖೈರುನ್ನೀಸಾ ಮನೆ ಒಳಗಿದ್ದಾಳೆ." ಬೇರೇನೂ ಸೇರಿಸಬೇಡ, ಅಳಬೇಡ. ಅವರು ಮಾತಾಡದೆ ಫೋನ್ ಇಟ್ಟರೆ ಮತ್ತೆ ಮಾಡಬೇಡ. ಕೇಳಿದ ಮೇಲೆ ಅವರು ತಡೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ಗೊತ್ತಿರಬೇಕಿತ್ತು.