ಮುದ್ದೆ ಇಳಿಯುತ್ತದೆ

ಜೂನ್ ೧೫, ಭಾನುವಾರ. ಹೊನ್ನವಳ್ಳಿ.

ಮಧ್ಯಾಹ್ನದಿಂದ ಅವ್ವನ ಎಡಗೈ ಕಣ್ಣ ಮುಂದೆಯೇ ಇದೆ. ಊಟದ ನಡುವೆ ಎಂದೂ ನೀರು ಮುಟ್ಟದವಳು ಇವತ್ತು ತುತ್ತುತುತ್ತಿಗೂ ಎಡಗೈಯಲ್ಲಿ ನೀರಿನ ಲೋಟ ಎತ್ತುತ್ತಿದ್ದಳು. ಮುದ್ದೆಯನ್ನು ನೆಲ್ಲಿಕಾಯಿಗಿಂತ ಚಿಕ್ಕದಾಗಿ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದಳು. ಕೊಬ್ಬರಿ ಚೂರು ಕೊಟ್ಟರೆ ಬೇಡವೆಂದಳು.

"ಯಾಕವ್ವಾ, ನುಂಗಕ್ಕಾಗಲ್ವಾ?"

"ಮುದ್ದೆ ಇಳೀತದಲ್ಲ, ಬುಡು. ಕೊಬ್ರಿ, ರೊಟ್ಟಿ ಎದೇಲಿ ನಿಂತ್ಕತವೆ. ವಯಸ್ಸಾಯ್ತು ಕಣಪ್ಪ."

ಅನ್ನನಾಳದ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮೇಲೆ ನಾನು ನಡೆಸಿದ ಚಿಕಿತ್ಸಾ ಟ್ರಯಲ್‌ನ ಲೇಖನ ಹೋದ ತಿಂಗಳಷ್ಟೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಗಟ್ಟಿ ಆಹಾರ ಇಳಿಯುತ್ತದೆಯೇ ಎಂದು ಎಲ್ಲರನ್ನೂ ಕೇಳಿದ್ದೆವು. "ಮುದ್ದೆ ಉಣ್ತೀನಿ ಸ್ವಾಮಿ" ಎಂದವರನ್ನೆಲ್ಲ ಚೆನ್ನಾಗಿದ್ದಾರೆಂದು ಬರೆದುಕೊಂಡೆವು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಜಾರಿಸುತ್ತೇವೆ, ಅನ್ನನಾಳ ಕಿರಿದಾಗಿದ್ದರೂ ಅದು ಇಳಿಯುತ್ತದೆ ಎಂಬುದು ಮುದ್ದೆ ಉಂಡೇ ಬೆಳೆದ ನನಗೆ ಹೊಳೆಯಲಿಲ್ಲ. ಅವರಲ್ಲಿ ಎಷ್ಟು ಜನ ಹೀಗೆ ಲೋಟ ಹಿಡಿದು ಕೂತಿದ್ದಾರೋ. ನನ್ನ ಲೇಖನ ನಂಬಿದ ಡಾಕ್ಟರುಗಳು ಯಾರನ್ನು ಏನೂ ಇಲ್ಲವೆಂದು ಮನೆಗೆ ಕಳಿಸುತ್ತಿದ್ದಾರೋ. ಪತ್ರಿಕೆಯವರಿಗೆ ತಿಳಿಸಬೇಕು, ತಿಳಿಸುತ್ತೇನೆ. ಆದರೆ ಈ ರಾತ್ರಿ ಅವ್ವನದೇ ಭಯ.

ನಾಳೆ ಎಂಡೋಸ್ಕೋಪಿಗೆ ಕರೆದುಕೊಂಡು ಹೋಗುತ್ತೇನೆ. ಎಷ್ಟು ದಿನದಿಂದ ಹೀಗೆ ಎಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಕೇಳಲು ಬಾಯಿ ಬರಲಿಲ್ಲ. ರೋಗಿಗಳನ್ನು ಮೊದಲು ಕೇಳುವುದೇ ಅದನ್ನು. ತಟ್ಟೆಯಲ್ಲಿ ನನ್ನ ಮುದ್ದೆ ಆರಿಹೋಗಿತ್ತು. ಅದನ್ನು ನೋಡಿ ಅವಳೇ ಗಾಬರಿಯಾದಳು.

"ನಿಂಗೇ ಇಳೀತಿಲ್ವಲ್ಲ ಮಗಾ. ಎಲ್ಲಾದ್ರೂ ತೋರಿಸ್ಕಳಪ್ಪ."