ಹೊರಕೋಣೆಯ ಹವಳ

ಪೂಜ್ಯ ಭಾವನವರ ಸನ್ನಿಧಾನಕ್ಕೆ,

ಹೊರಕೋಣೆಯಿಂದ ನಿಮ್ಮ ಹೆಂಡತಿಯ ತಮ್ಮ ಬಿನ್ನವಿಸುವುದೇನೆಂದರೆ, ನೀವು ಅಕ್ವೇರಿಯಂಗೆಂದು ತಂದ ಹೊಸ ಜೀವಂತ ಹವಳವನ್ನು ಅಪ್ಪಣೆಯಂತೆ ಔಷಧಿ ನೀರಿನಲ್ಲಿ ಅದ್ದಿದೆ. ಚಪ್ಪಟೆ ಹುಳುಗಳು ಉದುರಿದವು. ಬುಡಕ್ಕಂಟಿದ್ದ ಅವುಗಳ ಮೊಟ್ಟೆಯನ್ನು ಹಲ್ಲುಜ್ಜುವ ಬ್ರಷ್‌ನಿಂದ ಕೆರೆದೆ. ಬ್ರಷ್ ಯಾರದೆಂಬ ವಿಚಾರಣೆ ಬೇಡ. ಆಮೇಲೆ ನನ್ನ ಮಂಚದ ಪಕ್ಕದ ಸಣ್ಣ ತೊಟ್ಟಿಯಲ್ಲೇ ಇಟ್ಟು ನೋಡಿಕೊಂಡೆ. ಈಗ ಹುಳುವಿಲ್ಲ. ಹಾಲ್‌ನ ಉಪ್ಪುನೀರಿನ ಅಕ್ವೇರಿಯಂಗೆ ಬಿಡಬಹುದು.

“ಹೊಸದಾಗಿ ಬಂದಿದ್ದನ್ನ ಸೀದಾ ಒಳಗೆ ಬಿಟ್ಕೋಬಾರ್ದು ಕಣೋ, ಸ್ವಲ್ಪ ದಿನ ಹೊರಗಿರ್ಲಿ” ಅಂದಿದ್ದಿರಿ. ನಾನು ಈ ಮನೆಗೆ ಬಂದದ್ದು ಹವಳಕ್ಕಿಂತ ಮೊದಲು. ನನ್ನ ಊಟದ ತಟ್ಟೆ ಇನ್ನೂ ಹೊರಕೋಣೆಗೇ ಬರುತ್ತಿದೆ. ಬೇಕಿದ್ದರೆ ನನ್ನನ್ನೂ ಅದ್ದಿ ನೋಡಿ.

ಇವತ್ತು ನಿಮ್ಮ ಜೊತೆ ಊಟಕ್ಕೆ ಕೂರಲೇ? ಆಗದಿದ್ದರೆ ಹವಳವನ್ನು ಇನ್ನೆರಡು ದಿನ ಇಲ್ಲೇ ಬಿಡಿ. ದೀಪ ಆರಿಸುವಾಗ “ಮಲಗೋಣ್ವಾ?” ಎಂದು ಕೇಳಲು ಅದಾದರೂ ಇರಲಿ.

ಇಂತಿ ಅಪ್ಪಣೆಗೆ ಕಾದಿರುವ,
ಹೊರಕೋಣೆಯ ಹಳೆಯ ಹೊಸಬ